ಗೋಡೆಯ ಮೇಲಿನ ಗೀಟು

ಮುಳಬಾಗಿಲಿನಿಂದ ಶ್ರೀನಿವಾಸಪುರದ ಕಡೆಗೆ ಹೋಗುವಾಗ ಕೆರೆಕಟ್ಟೆ ಇಳಿದ ಮೇಲೆ ಸಿಗುವ ಊರು. ಅಲ್ಲಿನ ಸರ್ಕಾರಿ ಶಾಲೆಗೆ 75 ವರ್ಷ ತುಂಬುತ್ತಿದೆ. ಸ್ಮರಣ ಸಂಚಿಕೆ ತರುವ ಹೊಣೆ ಅಲ್ಲಿ ಗಣಿತ ಹೇಳಿಕೊಡುವ ಟೀಚರಮ್ಮನ ಮೇಲಿದೆ. ಅವರೂ ಅದೇ ಶಾಲೆಯಲ್ಲಿ ಓದಿದವರು, ಊರ ಪಕ್ಕದ ಕೇರಿಯ ಮಗಳು. ಕರಡು ತಿದ್ದಿಕೊಡಲು ನನ್ನನ್ನು ಕರೆಸಿದ್ದರು. ಅದರಲ್ಲಿ ಊರಿನ ಹೆಂಡದಂಗಡಿಗೆ ಎರಡು ಪುಟ ಇತ್ತು. ಆ ಪುಟ ತೆಗೆಸಬೇಕೆಂದು ಅಂಗಡಿ ನಡೆಸಿದ ಈಡಿಗರ ಮನೆಯ ಹಿರಿಯರೇ ಕೋಲೂರಿಕೊಂಡು ಬಂದರು. ಮಾತು ನಡೆದದ್ದು ಅಂಗಡಿ ಇದ್ದ ಜಾಗದಲ್ಲೇ. ಈಗ ಅಲ್ಲಿ ಮೂರು ಕಲ್ಲುಗೋಡೆ, ಮೇಲೊಂದು ತಗಡು, ಒಳಗೆ ಆಳೆತ್ತರಕ್ಕೆ ಜೋಡಿಸಿದ ಟೊಮೆಟೊ ಕ್ರೇಟುಗಳು. ಇಬ್ಬರ ಹೆಸರನ್ನೂ ಬಿಟ್ಟು, ಕೇಳಿಸಿಕೊಂಡದ್ದನ್ನು ಬರೆಯುತ್ತಿದ್ದೇನೆ.

ತಾತ: ಅದೆರಡು ಪುಟ ಕಿತ್ತಾಕ್ಬಿಡಮ್ಮ. ಮಿಕ್ಕಿದ್ದೆಲ್ಲ ಚೆನ್ನಾಗೈತೆ. ಕೆರೆ ಬರ್ದಿದ್ದೀಯ, ಗಂಗಮ್ಮನ ಗುಡಿ ಬರ್ದಿದ್ದೀಯ, ಸ್ಕೂಲಿಗೆ ಜಾಗ ಬಿಟ್ಟುಕೊಟ್ಟೋರ ಹೆಸ್ರು ಬರ್ದಿದ್ದೀಯ. ಮಕ್ಕಳು ಓದೋ ಪುಸ್ತಕದಲ್ಲಿ ಪಡಖಾನೆ ಯಾಕೆ?

ಟೀಚರು: ಸ್ಕೂಲಿಗಿಂತ ಮೊದಲು ಊರಲ್ಲಿ ಇದ್ದದ್ದು ಅದೇ ಅಲ್ವಾ ತಾತ? ಬಸ್ಸಿನೋರು ಇವತ್ತಿಗೂ ಈ ತಿರುವಿಗೆ 'ಹೆಂಡದಂಗಡಿ' ಅಂತಾನೇ ಟಿಕೆಟ್ ಕೇಳ್ತಾರೆ. ಅಂಗಡಿ ಇಲ್ಲದೆ ಇಪ್ಪತ್ತು ವರ್ಷ ಆಯ್ತು, ಹೆಸರು ಹೋಗಿಲ್ಲ.

ತಾತ: ಹೆಸ್ರು ಬಾಯಲ್ಲಿ ಇದ್ರೆ ಇರ್ಲಿ, ಅಚ್ಚಾಗೋದು ಬೇಡ. ಮೊಮ್ಮಗ ಬೆಂಗಳೂರಲ್ಲಿ ಕಂಪ್ನೀಲವ್ನೆ. ಮೊಮ್ಮಗಳಿಗೆ ಗಂಡು ನೋಡ್ತಾ ಇದ್ದೀವಿ. ಅವ್ರ ಮನೆಯೋರು ಈ ಪುಸ್ತಕ ತಿರುವಿ ಹಾಕಿದ್ರೆ ಏನಂತಾರೆ? ನೀನೂ ಈ ಊರ ಮಗಳು, ನಿಂಗೆ ಗೊತ್ತಾಗ್ಬೇಕು.

ಟೀಚರು: ಗೊತ್ತಾಗತ್ತೆ ತಾತ. ಅದಕ್ಕೇ ನಿಮ್ಮ ಮನೆತನದ ಹೆಸರು ಹಾಕಿಲ್ಲ. ಆದರೆ ಅಂಗಡಿ ಬಿಟ್ಟರೆ ನಮ್ಮ ಕೇರಿ ಚರಿತ್ರೆಯಲ್ಲಿ ಅರ್ಧ ಹೋಗತ್ತೆ. ನಾನು ಎಣಿಸೋದು ಕಲಿತದ್ದು ಸ್ಕೂಲಲ್ಲಿ ಅಲ್ಲ, ಆ ಎಡಗಡೆ ಗೋಡೆ ಮೇಲೆ. ಉದ್ರಿ ಕುಡಿದೋರ ಲೆಕ್ಕವನ್ನ ನಿಮ್ಮಪ್ಪ ಇದ್ದಿಲಲ್ಲಿ ಗೀಟು ಹಾಕ್ತಿದ್ರು. ನಾಕು ನಿಲುವು ಗೀಟು, ಐದನೇದು ಅಡ್ಡ. ಅಪ್ಪನ್ನ ಕರ್ಕೊಂಡು ಬರೋಕೆ ಅಮ್ಮ ನನ್ನ ಕಳಿಸ್ತಿದ್ಲು. ಅವರು ಏಳೋ ತನಕ ನಾನು ಗೀಟು ಎಣಿಸ್ತಾ ನಿಂತಿರ್ತಿದ್ದೆ. ಅಪ್ಪನ ಲೆಕ್ಕದ ಮುಂದೆ ಒಂದು ತಮಟೆ ಗುರುತು ಇತ್ತು. ಓದೋಕೆ ಬರೋ ಮೊದಲೇ ಅದು ನಮ್ಮದು ಅಂತ ನಂಗೆ ಗೊತ್ತಿತ್ತು.

ತಾತ: (ಸ್ವಲ್ಪ ಹೊತ್ತು ಸುಮ್ಮನಿದ್ದು) ನಮ್ಮಪ್ಪನಿಗೂ ಓದು ಬರ್ತಿರ್ಲಿಲ್ಲ. ಅದಕ್ಕೆ ಗುರುತು. ಗಾಡಿಯೋನಿಗೆ ಚಕ್ರ, ಒಡ್ಡರೋನಿಗೆ ಗುದ್ದಲಿ. ಬರೀಲೇಬೇಕು ಅಂದ್ರೆ ಮರ ಬರಿಯಮ್ಮ. ಅಂಗಡಿ ಬೇಡ.

ಟೀಚರು: ಮರದ ಬಗ್ಗೆ ನನಗೆ ಗೊತ್ತಿರೋದು ಕಮ್ಮಿ. ನೀವು ಹೇಳಿ, ಬರ್ಕೋತೀನಿ.

ತಾತ: ಈಚಲು ಮರ ತೆಂಗಿನಂಗಲ್ಲ. ತೆಂಗಲ್ಲಿ ಹೊಂಬಾಳೆ ಕಟ್ಟಿ ಇಳಿಸ್ತಾರೆ. ಈಚಲಿಗೆ ಕತ್ತಿನ ಹತ್ರ, ಗರಿ ಬುಡದ ಕೆಳಗೆ, ಮೈ ಸವರಿ ಕಚ್ಚು ಹಾಕ್ಬೇಕು. ಗರಿ ಸವರಿ ನಾಕು ದಿನ ಬಿಡ್ಬೇಕು. ಆಮೇಲೆ ದಿನಾ ಸಂಜೆ ಕತ್ತೀಲಿ ಕಾಗದದಷ್ಟು ತೆಳ್ಳಗೆ ಕೆತ್ತೋದು. ಜಾಸ್ತಿ ಕೆತ್ತಿದ್ರೆ ಮರ ಸಾಯ್ತದೆ, ಕಮ್ಮಿ ಕೆತ್ತಿದ್ರೆ ಹನಿ ನಿಂತೋಗ್ತದೆ. ಒಂದು ವರ್ಷ ಈ ಮಗ್ಗುಲು, ಮಾರನೇ ವರ್ಷ ಆ ಮಗ್ಗುಲು. ಅದಕ್ಕೇ ಹಳೇ ಈಚಲು ಮರ ಹಾವು ನಡೆದಂಗೆ ಸೊಟ್ಟಸೊಟ್ಟ ಇರ್ತದೆ. ಬೆಳಿಗ್ಗೆ ಹೊತ್ತು ಹುಟ್ಟೋಕೆ ಮುಂಚೆ ಮಡಕೆ ಇಳಿಸಿದ್ರೆ ಕಬ್ಬಿನ ಹಾಲಿನಂಗೆ ಸಿಹಿ. ಮಡಕೆ ಒಳಗೆ ಸುಣ್ಣ ಸವರಿದ್ರೆ ಹಂಗೇ ಉಳೀತದೆ, ಅದು ನೀರಾ. ಸವರ್ದೆ ಬಿಟ್ರೆ ಮಧ್ಯಾಹ್ನಕ್ಕೆ ನೊರೆ ಬರ್ತದೆ, ಸಂಜೆಗೆ ಹುಳಿ, ಮಾರನೇ ದಿನಕ್ಕೆ ಬಾಯಿಗಿಡೋಕಾಗಲ್ಲ. ಕೂಡಿಟ್ಟು ಸಾವುಕಾರ ಆಗೋ ಸರಕಲ್ಲಮ್ಮ ಅದು. ಆವತ್ತಿಂದು ಆವತ್ತೇ.

ಟೀಚರು: ಅಂಥ ಸರಕಿಂದ ಸಾವುಕಾರರು ಹೆಂಗೆ ಹುಟ್ಟಿದ್ರು?

ತಾತ: ಮರ ಹತ್ತಿದೋನು ಒಬ್ನೂ ಆಗಿಲ್ಲ. ನಮ್ಮ ತಾತ ಮರಕ್ಕೆ ತೆರಿಗೆ ಕಟ್ಟಿ, ಇಳಿಸಿ, ಮನೆ ಜಗಲಿ ಮೇಲೆ ಮಾರ್ದ. ನಮ್ಮಪ್ಪನ ಕಾಲಕ್ಕೆ ಹರಾಜು ಜೋರಾಯ್ತು. ಅಬಕಾರಿ ವರ್ಷ ಅಂದ್ರೆ ಜುಲೈ ಒಂದರಿಂದ. ಪಟ್ಟಣದ ಕಂಟ್ರಾಕ್ಟರು ಒಂದೇ ಬಾರಿಗೆ ಅಂಗಡಿ ಮೇಲೆ ಅಂಗಡಿ ಕೂಗಿಕೊಳ್ಳೋನು. ನಮ್ಮಪ್ಪ ಅವನ ಕೈಕೆಳಗೆ. ಊರೋರ ಕಣ್ಣಿಗೆ ಯಜಮಾನ, ಒಳಗೆ ಕೂಲಿ. ನನ್ನ ಕಾಲಕ್ಕೆ ಅದೂ ಹೋಗಿ ಪ್ಯಾಕೆಟ್ ಸಾರಾಯಿ ಬಂತು. ನಾನು ಮಾಡಿದ್ದು ಹಲ್ಲಲ್ಲಿ ಕಚ್ಚಿ ಹರಿಯೋ ಪ್ಲಾಸ್ಟಿಕ್ ಚೀಲ ಎಣಿಸಿ ಕೊಡೋ ಕೆಲಸ. ನನ್ನ ತಮ್ಮ ಮರದಿಂದ ಬಿದ್ದು ಸೊಂಟ ಮುರ್ಕೊಂಡ. ಕಂಟ್ರಾಕ್ಟರು ಒಂದು ಸಲ ಬಂದು ನೋಡ್ಲಿಲ್ಲ. ಇದನ್ನೆಲ್ಲ ಬರ್ದ್ರೆ ಓದೋರು 'ಹೆಂಡ ಮಾರಿದೋರು' ಅಂತ ಒಂದೇ ಮಾತಲ್ಲಿ ಮುಗಿಸ್ತಾರೆ.

ಟೀಚರು: ಅದಕ್ಕೇ ಎರಡು ಪುಟ ಬೇಕು ತಾತ, ಒಂದು ಮಾತಲ್ಲಿ ಮುಗೀಬಾರದು ಅಂತ.

ನನಗೆ ಈ ಉತ್ತರ ಹಿಡಿಸಿತು. ಹಿರಿಯರಿಗೆ ಹಿಡಿಸಲಿಲ್ಲ. ಕೋಲಿನ ತುದಿಯಿಂದ ಒಂದು ಕ್ರೇಟನ್ನು ಎಳೆದುಕೊಂಡು ಕೂತರು.

ತಾತ: ಸರಿ, ಒಳ್ಳೇದೂ ಬರೀತೀಯಾ? ಸಂಜೆ ಇಲ್ಲಿ ಊರೇ ಸೇರ್ತಿತ್ತು. ಬಾವಿ ತೋಡೋ ಒಡ್ಡರು, ಕುರಿಯೋರು, ರೇಷ್ಮೆ ಗೂಡಿನ ಕೂಲಿಯೋರು. ಮುದುಕೀರು ಹೊರಗೆ ಬೋಟಿ, ಕಡ್ಲೆ ಗುಗ್ರಿ ಮಾರೋರು. ನಾಳೆ ಯಾರ ಹೊಲಕ್ಕೆ ಎಷ್ಟು ಆಳು ಅನ್ನೋದು ಇಲ್ಲೇ ತೀರ್ಮಾನ ಆಗ್ತಿತ್ತು. ಕೈವಾರ ತಾತಯ್ಯನ ತತ್ವಪದ ನಾನು ಕೇಳಿದ್ದು ಗುಡೀಲಿ ಅಲ್ಲ, ಇಲ್ಲಿ. ತೆಲುಗಲ್ಲಿ ಒಬ್ಬ ಎತ್ಕೊಂಡ್ರೆ ಕನ್ನಡದಲ್ಲಿ ಇನ್ನೊಬ್ಬ ಮುಗಿಸೋನು. ಎಲ್ಲಾ ಜಾತಿಯೋರೂ ಒಂದು ಕಡೆ ಕೂತ್ಕೊಂಡ ಜಾಗ ಅಂದ್ರೆ ಇದೊಂದೇ.

ಟೀಚರು: ಎಲ್ಲರೂ ಒಂದು ಕಡೆ?

ತಾತ: ... ಅಂಗಡಿ ಒಂದೇ.

ಟೀಚರು: ಅಂಗಡಿ ಒಂದೇ. ನಮ್ಮಪ್ಪ ಕೂರ್ತಿದ್ದದ್ದು ಆ ಹುಣಸೆಮರದ ಕೆಳಗೆ, ಗೋಡೆಯಿಂದ ಆಚೆ. ಮಡಕೆ ಎತ್ತಿ ಮೇಲಿಂದ ಹುಯ್ಯೋರು. ಒಳಗಡೆಯೋರಿಗೆ ಗ್ಲಾಸು, ನಮ್ಮೋರಿಗೆ ತೆಂಗಿನ ಚಿಪ್ಪು. ಕುಡಿದಾದ ಮೇಲೆ ಚಿಪ್ಪನ್ನ ಅವರೇ ತೊಳೆದು ಮರದ ಪೊಟರೇಲಿ ಇಡಬೇಕು. ತಮಟೆ ಬಡಿದು ಊರಿಗೆಲ್ಲ ಜಾತ್ರೆ ಮಾಡಿಸಿದ ಕೈಗೆ ಚಿಪ್ಪು. ದುಡ್ಡು ಮಾತ್ರ ಒಂದೇ ಡಬ್ಬೀಲಿ ಬೀಳ್ತಿತ್ತು.

ತಾತ: ನಮ್ಮಪ್ಪ ಮಾಡಿದ್ದು ಅದು. ನಾನು ಪ್ಯಾಕೆಟ್ ಮಾರುವಾಗ ಆ ಭೇದ ಇರ್ಲಿಲ್ಲ.

ಟೀಚರು: ಪ್ಯಾಕೆಟ್ಟಿಗೆ ಲೋಟ ಬೇಕಾಗಿರ್ಲಿಲ್ಲ ತಾತ.

ತಾತ: ಅದೂ ನಿಜ. (ತಲೆ ತಗ್ಗಿಸಿ) ಬರ್ಕೊ, ಚಿಪ್ಪಿನ ವಿಷಯ ಬರ್ಕೊ. ಸುಳ್ಳಲ್ಲ. ಆದ್ರೆ ಇದನ್ನೂ ಬರ್ಕೊ: ನಿಮ್ಮಮ್ಮ ಪೊರಕೆ ಹಿಡ್ಕೊಂಡು ಈ ಬಾಗಿಲಿಗೆ ಬಂದು ನಮ್ಮಪ್ಪನ ಮುಖಕ್ಕೆ ಉಗಿದಿದ್ಲು. ಮೂರು ದಿನ ನಿಮ್ಮಪ್ಪನಿಗೆ ಹೆಂಡ ಹುಯ್ಯಲಿಲ್ಲ ನಮ್ಮಪ್ಪ. ಹೋಗಿ ಬೈಯೋಕೆ ಒಬ್ಬ ಮನುಷ್ಯ ಇದ್ದ. ಅವನೂ ಇದೇ ಕೆರೆ ನೀರು ಕುಡಿಯೋನು, ಇದೇ ಗಂಗಮ್ಮನಿಗೆ ಹೆದರೋನು. ಈಗ ಯಾರನ್ನ ಬೈತೀಯ? ರಸ್ತೇಲಿ ಬಾರು, ಕಬ್ಬಿಣದ ಸರಳು, ಸರಳಿನ ಆಚೆ ಯಾವೂರೋ ಹುಡುಗ. ಓನರ್ ಯಾರು ಅಂದ್ರೆ ಅವನಿಗೂ ಗೊತ್ತಿರಲ್ಲ.

ಟೀಚರು: ಮೂರು ದಿನ. ನಾಕನೇ ದಿನ ಗೀಟು ಮತ್ತೆ ಬಿತ್ತು. ಅಮ್ಮನ ಬೆಳ್ಳಿ ಕಾಲ್ಗಡಗ ಎರಡೂ ನಿಮ್ಮನೇಲಿ ಅಡ ಇತ್ತು. ನಿಮ್ಮಮ್ಮ ಒಳ್ಳೆಯವರು, ಒಂದನ್ನ ದುಡ್ಡಿಲ್ಲದೆ ವಾಪಸ್ಸು ಕೊಟ್ರು. ಇನ್ನೊಂದು ಬರಲಿಲ್ಲ. ಒಂಟಿ ಕಡಗ ಈಗ ನನ್ನ ಹತ್ರ ಇದೆ. ಬೈಯೋಕೆ ಮನುಷ್ಯ ಇದ್ದ ಅಂತೀರಲ್ಲ, ಬೈದು ಬೈದು ಅಮ್ಮನ ಗಂಟಲು ಹೋಯ್ತು ಅಷ್ಟೆ.

ತಾತ: ಹಂಗಾದ್ರೆ ಸರ್ಕಾರ ಮುಚ್ಚಿದ್ದು ಸರಿ ಅಂತೀಯ?

ಟೀಚರು: ಆವತ್ತು ಸರಿ ಅಂದೆ. ಹಬ್ಬದ ಥರ ಇತ್ತು ನಮ್ಮ ಕೇರೀಲಿ. 2004ರಲ್ಲಿ ಸೇಂದಿ ಹೋಯ್ತು, 2007ರ ಜುಲೈ ಒಂದಕ್ಕೆ ಸಾರಾಯಿ ಹೋಯ್ತು. ನಮ್ಮ ಕೋಲಾರದ ದಲಿತ ಚಳವಳಿಯೋರು ನಾನು ಹುಡುಗಿ ಇದ್ದಾಗ ಸೈಕಲ್ಲಲ್ಲಿ ಬಂದು ಹೇಳ್ತಿದ್ರು, ಕೇರಿಗೆ ಬೇಕಾಗಿರೋದು ಹೆಂಡದಂಗಡಿ ಅಲ್ಲ, ವಸತಿ ಶಾಲೆ ಅಂತ. ನಾನು ವಸತಿ ಶಾಲೆ ಸೇರಿದ್ದು ಅವರಿಂದ. ಆ ಅಂಗಡಿ ಬಾಗಿಲು ಹಾಕಿದ ದಿನ ಅಮ್ಮ ಸಿಹಿ ಮಾಡಿದ್ಲು.

ತಾತ: ನಮ್ಮನೇಲಿ ಆವತ್ತು ಒಲೆ ಹಚ್ಚಲಿಲ್ಲ.

ಇಬ್ಬರೂ ಒಂದಿಷ್ಟು ಹೊತ್ತು ಮಾತಾಡಲಿಲ್ಲ. ಹೊರಗೆ ಮಾವಿನಕಾಯಿ ತುಂಬಿದ ಟೆಂಪೊ ಶ್ರೀನಿವಾಸಪುರದ ಮಂಡಿಗೆ ಹೋಯಿತು.

ತಾತ: ಸಾರಾಯಿ ನಿಲ್ಲಿಸ್ಲಿ, ನಾನು ಬೇಡ ಅನ್ನಲ್ಲ. ಅದು ನಮ್ಮ ಮರದ್ದಲ್ಲ. ಕಾಕಂಬಿಯಿಂದ ಫ್ಯಾಕ್ಟರೀಲಿ ಇಳಿಸಿ ನೀರು ಬೆರೆಸಿ ಕಳಿಸಿದ್ದು. ಅದರ ಬಾಟ್ಲಿಂಗ್ ಗುತ್ತಿಗೆ ವಿಷಯದಲ್ಲಿ ಹೈಕೋರ್ಟು ಛೀಮಾರಿ ಹಾಕ್ತು ಅಂತ 1986ರಲ್ಲಿ ರಾಮಕೃಷ್ಣ ಹೆಗಡೆ ರಾಜೀನಾಮೆನೇ ಕೊಟ್ಟಿದ್ರು, ಮೂರು ದಿನಕ್ಕೆ ವಾಪಸ್ ತಗೊಂಡ್ರು. ಅಷ್ಟು ದೊಡ್ಡ ದುಡ್ಡು ಅದರಲ್ಲಿ. ಈಚಲು ಹೆಂಡದಲ್ಲಿ ಏನಿತ್ತು? ಮಂಗಳೂರು, ಉಡುಪಿ ಕಡೆ ಇವತ್ತಿಗೂ ಸೇಂದಿ ಇಳಿಸ್ತಾರೆ. ನಂಗಲಿ ದಾಟಿದ್ರೆ ಆಂಧ್ರ, ಅಲ್ಲೂ ಐತೆ. ಗಡಿ ಕಲ್ಲಿನ ಆಚೆ ಕಡೆ ಮರಕ್ಕೆ ಮಡಕೆ ಕಟ್ಬೋದು, ಈಚೆ ಕಡೆ ಕಟ್ಟಿದ್ರೆ ಕೇಸು. ಮರಕ್ಕೇನು ಗೊತ್ತು ಕರ್ನಾಟಕ ಯಾವುದು, ಆಂಧ್ರ ಯಾವುದು?

ಟೀಚರು: ಸೇಂದಿ ನಿಲ್ಲಿಸೋಕೆ ಸರ್ಕಾರ ಕೊಟ್ಟ ಕಾರಣ ಮರ ಅಲ್ಲ ತಾತ, ಪುಡಿ. ಕ್ಲೋರಲ್ ಹೈಡ್ರೇಟ್. ನಮ್ಮಪ್ಪ ಕೊನೆ ಕೊನೆಗೆ ಸಂಜೆ ಹೆಂಡ ಸಿಗದಿದ್ರೆ ಕೈ ನಡುಗಿ ತಮಟೆ ಕೋಲು ಹಿಡಿಯೋಕಾಗ್ತಿರ್ಲಿಲ್ಲ. ಬರೀ ಈಚಲು ನೀರಿಗೆ ಹಂಗಾಗಲ್ಲ ಅಂತ ಆಸ್ಪತ್ರೇಲಿ ಹೇಳಿದ್ರು. ನಿಜ ಹೇಳಿ, ಈ ಅಂಗಡೀಲಿ ಪುಡಿ ಇತ್ತಾ?

ತಾತ: (ತುಂಬ ಹೊತ್ತಾದ ಮೇಲೆ) ಸಿ.ಎಚ್. ಅಂತಿದ್ರು ಅದನ್ನ. ಪುಡಿ ಕಂಟ್ರಾಕ್ಟರ ಕಡೆಯಿಂದ ಬರೋದು. ಕೂಗಿದ ಹರಾಜಿನ ದುಡ್ಡು ಹುಟ್ಟಬೇಕಲ್ಲ? ನಮ್ಮ ಸೇಂದಿವನದಲ್ಲಿದ್ದ ಮರಕ್ಕೂ ಅಂಗಡೀಲಿ ಹರಿದ ಹೆಂಡಕ್ಕೂ ತಾಳೆ ಇರ್ಲಿಲ್ಲ. ಒಂದು ಮಡಕೆ ಹೆಂಡ, ಮೂರು ಮಡಕೆ ನೀರು, ಪುಡಿ, ಸ್ಯಾಕರಿನ್ನು. ನನ್ನ ಕೈಯಾರೆ ಬೆರೆಸಿದ್ದೀನಿ. ಬೆರೆಸಲ್ಲ ಅಂದಿದ್ರೆ ಬೆಳಗಾಗೋದ್ರೊಳಗೆ ಇನ್ನೊಬ್ಬ ಈ ಗಲ್ಲಾ ಮೇಲೆ ಕೂತಿರ್ತಿದ್ದ. ಅದಕ್ಕೇ ಕಣಮ್ಮ ಬೇಡ ಅಂತಿರೋದು. ಗಂಡಿನ ಕಡೆಯೋರ ಭಯ ಇದ್ದೇ ಐತೆ, ಅದರ ಹಿಂದೆ ಇದೈತೆ.

ಟೀಚರಮ್ಮ ಪೆನ್ನಿನ ಮುಚ್ಚಳ ಹಾಕಿದರು. ಅದನ್ನು ಅವರು ಬರೆದುಕೊಳ್ಳಲಿಲ್ಲವೆಂದು ನಾನು ಗಮನಿಸಿದೆ. ಅವರು ಮತ್ತೆ ಮಾತು ತೆಗೆದಾಗ ದನಿ ಬೇರೆ ಇತ್ತು.

ಟೀಚರು: ಆಮೇಲೆ ಆದದ್ದೂ ನಾನು ನೋಡಿದ್ದೀನಿ ತಾತ. ಸಾರಾಯಿ ಹೋಗಿ ವರ್ಷ ತುಂಬೋ ಮೊದಲೇ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ನಮ್ಮ ಕೋಲಾರ, ಗಡಿಯಾಚೆ ಕೃಷ್ಣಗಿರಿ ಸೀಮೇಲಿ ಕಳ್ಳಬಟ್ಟಿ ಕುಡಿದು ನೂರಕ್ಕೂ ಮೇಲೆ ಜನ ಸತ್ರು. ಎಲ್ಲ ಕೂಲಿಯೋರೇ. ಪ್ಯಾಕೆಟ್ ಹೋದ ಕಡೆ ವಿಸ್ಕಿಯ ಟೆಟ್ರಾ ಪ್ಯಾಕ್ ಬಂತು, 90 ಎಂಎಲ್. ನೂರು ರೂಪಾಯಿ ಕೂಲೀಲಿ ಮೊದಲು ಹೋಗ್ತಿದ್ದದ್ದಕ್ಕಿಂತ ಜಾಸ್ತಿ ಹೋಯ್ತು. ಸನ್ನದು ಇಲ್ಲದ ಊರಲ್ಲಿ ಚಿಲ್ಲರೆ ಅಂಗಡೀಲಿ, ಬೀಡಿ ಕಟ್ಟಿನ ಹಿಂದೆ ಇಟ್ಟು ಮಾರ್ತಾರೆ. ಇದನ್ನ ನಾನು ಒಪ್ಕೋತೀನಿ. 2019ರ ಜನವರೀಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸಾವಿರಾರು ಹೆಂಗಸರು ನಡ್ಕೊಂಡು ಹೋದ್ರಲ್ಲ ಮದ್ಯ ನಿಲ್ಲಿಸಿ ಅಂತ, ಸಾರಾಯಿ ನಿಂತು ಹನ್ನೆರಡು ವರ್ಷ ಆಗ್ತಾ ಬಂದಿತ್ತು ಆಗ. 2025-26ರ ಬಜೆಟ್ಟಲ್ಲಿ ಅಬಕಾರಿಗೆ ಇಟ್ಟಿದ್ದ ಗುರಿ 40,000 ಕೋಟಿ.

ತಾತ: ಅಷ್ಟೂ ಗೀಟು ಯಾವ ಗೋಡೆ ಮೇಲೆ ಹಾಕೋದಮ್ಮ?

ಟೀಚರು: ಅದಕ್ಕೆ ನಿಮ್ಮಪ್ಪನ ಗೋಡೆ ಒಳ್ಳೇದಿತ್ತು ಅಂತ ನಾನು ಹೇಳಲ್ಲ.

ತಾತ: ನಾನೂ ಹೇಳ್ತಿಲ್ಲ. ಆದ್ರೆ ಒಂದು ವಿಷಯ ಯೋಚನೆ ಮಾಡು. 1939ರಲ್ಲಿ ದುರ್ಗದ ತುರುವನೂರಲ್ಲಿ ಗಾಂಧಿ ಕಡೆಯೋರು ಈಚಲು ಮರ ಕಡಿದು ಸತ್ಯಾಗ್ರಹ ಮಾಡಿದ್ರು. ಮುಂದೆ ನಿಂತೋರು ನಿಜಲಿಂಗಪ್ಪನೋರು. ಅದೇ ನಿಜಲಿಂಗಪ್ಪನೋರು ಮುಖ್ಯಮಂತ್ರಿ ಆಗಿದ್ದಾಗ, 1967ರಲ್ಲಿ, ರಾಜ್ಯದಲ್ಲಿ ಪಾನನಿಷೇಧ ತೆಗೆದ್ರು. ಅವ್ರನ್ನ ನಾನು ಬೈಯೋಕೆ ಹೇಳ್ತಿಲ್ಲ. ಖಜಾನೆ ಹತ್ರ ಕೂತೋರಿಗೆ ಅದರ ಕಷ್ಟ. ಆದ್ರೆ ಪ್ರತಿ ಸಲ ಏಟು ಬಿದ್ದದ್ದು ಮರಕ್ಕೆ, ಇಲ್ಲಾಂದ್ರೆ ಮರ ಹತ್ತೋನಿಗೆ. ಈಗ ನಮ್ಮ ಸೇಂದಿವನ ಎಲ್ಲಿ? ಪಹಣೀಲಿ ಇನ್ನೂ 'ಸೇಂದಿವನ' ಅಂತ ಐತೆ. ಹೋಗಿ ನೋಡು, ಅರ್ಧ ನೀಲಗಿರಿ, ಅರ್ಧಕ್ಕೆ ಬೇಲಿ. ಮಾಲೂರು ಕಡೆಗೆ ಹೋದ್ರೆ ಸೈಟು ಮಾಡಿ ಮಾರಿದ್ದಾರೆ. ಚಾಪೆ ಹೆಣೆಯೋಕೆ, ಪೊರಕೆ ಕಟ್ಟೋಕೆ ಗರಿ ಸಿಗದೆ ಕೊರಮರ ಹೆಂಗಸರು ಪ್ಲಾಸ್ಟಿಕ್ ವೈರಿನ ಬುಟ್ಟಿ ಹಾಕ್ತಾ ಅವ್ರೆ. ಮರ ಏನು ಪಾಪ ಮಾಡಿತ್ತು?

ಟೀಚರು: ಮರ ಮಾಡಿಲ್ಲ. ನೀರಾ ಇಳಿಸಿ ಬೆಲ್ಲ ಮಾಡಬಹುದಿತ್ತು. ಅದನ್ನ ಕಲಿಸೋಕೆ ಯಾರೂ ಬರಲಿಲ್ಲ, ಅದು ಅನ್ಯಾಯ. ನಿಮ್ಮ ಮನೇಲಿ ಕತ್ತಿ ತುಕ್ಕು ಹಿಡೀತು, ನಮ್ಮ ಕೇರೀಲಿ ಕುಡಿತ ನಿಲ್ಲಲಿಲ್ಲ. ಅಂಗಡಿ ಬಾಗಿಲು ಹಾಕಿದೋರು ಈ ಎರಡು ಮನೆಗೂ ಒಂದು ಮಾತು ಕೇಳಲಿಲ್ಲ.

ತಾತ: ಪುಟದಲ್ಲಿ ಇದನ್ನ ಬರೀತೀಯಾ?

ಟೀಚರು: ಬರೀತೀನಿ. ಚಿಪ್ಪನ್ನೂ ಬರೀತೀನಿ, ಪೊರಕೇನೂ ಬರೀತೀನಿ. ರಾಜರತ್ನಂ ಅವರು ಯೆಂಡ್ಕುಡ್ಕ ರತ್ನನ ಬಾಯಲ್ಲಿ ಪದ ಕಟ್ಟಿದ್ರು, ನಮ್ಮ ಮಕ್ಕಳು ಕುಣೀತಾ ಹಾಡ್ತಾರೆ, ಯಾರಿಗೂ ಅದು ಅವಮಾನ ಅನ್ನಿಸಲ್ಲ. ನನಗೆ ರತ್ನನ ಹೆಂಡ್ತಿ ಪುಟ್ನಂಜಿ ನಿಂತಿರೋ ಕಡೆಯಿಂದ ಬರೀಬೇಕು ಅಂತಾಸೆ. ಅವಳು ಈ ಬಾಗಿಲಲ್ಲಿ ನಿಂತು ಎಷ್ಟು ಹೊತ್ತು ಕಾದಳು ಅಂತ.

ತಾತ: ಪುಡಿ?

ಟೀಚರು ಉತ್ತರ ಕೊಡಲಿಲ್ಲ. ಹಿರಿಯರೂ ಮತ್ತೆ ಕೇಳಲಿಲ್ಲ. ಎದ್ದು, 'ಬಾ, ಒಂದು ತೋರಿಸ್ತೀನಿ' ಎಂದು ಕಟ್ಟೆಯ ಕಡೆ ನಡೆದರು. ನಾನೂ ಹಿಂದೆ ಹೋದೆ. ಕೋಡಿಯ ಪಕ್ಕದಲ್ಲಿ, ಜಾಲಿಯ ನಡುವೆ, ಒಂದೇ ಒಂದು ಹಳೆಯ ಈಚಲು ಮರ ಉಳಿದಿದೆ. ಬುಡದಿಂದ ಮೇಲಕ್ಕೆ ಎಡಕ್ಕೊಂದು ಬಲಕ್ಕೊಂದು ಕಚ್ಚು, ಮೆಟ್ಟಿಲು ಕಡಿದ ಹಾಗೆ. ಮರದ ಮೈ ಆ ಕಚ್ಚುಗಳ ಜೊತೆಗೇ ಓಲಾಡುತ್ತಾ ಮೇಲೇರಿದೆ. ಟೀಚರಮ್ಮ ಬೆರಳು ಮಡಚಿ ಎಣಿಸಿದರು, ಐದೈದರ ಲೆಕ್ಕದಲ್ಲೇ. ಐದು ಸಲ ಐದು, ಮೇಲೆ ಎರಡು. ಇಪ್ಪತ್ತೇಳನೆಯ ಕಚ್ಚು ಮುಗಿದ ಮೇಲೆ ಮರಕ್ಕೆ ಗಾಯವೇ ಇಲ್ಲ. ಅಲ್ಲಿಂದ ಮೇಲೆ ಕಾಂಡ ಕಂಬದಂತೆ ನೆಟ್ಟಗೆ ಬೆಳೆದಿದೆ.

ತಾತ: ಆ ಕೊನೇ ಕಚ್ಚು ನಂದು.

ಟೀಚರು: ನೆಟ್ಟಗಿರೋದು ನಮ್ಮಮ್ಮ ಸಿಹಿ ಮಾಡಿದ ಮೇಲಿಂದು.

ತಾತ: ಮೇಲೆ ನೋಡಮ್ಮ, ಗರಿ ಒಣಗ್ತಾ ಐತೆ. ಸವರೋರಿಲ್ಲದೆ ಹುಳ ಬಿದ್ದೈತೆ.

ಟೀಚರು: ಪಕ್ಕದಲ್ಲಿ ನಿಂತ್ಕೊಳ್ಳಿ ತಾತ, ಒಂದು ಫೋಟೊ ತೆಗೀತೀನಿ.

ತಾತ: ಮುಖ ಬೇಡ. ಮೊಮ್ಮಗಳ ಮದ್ವೆ ಆಗ್ಲಿ.

ಕೋಲನ್ನು ನನ್ನ ಕೈಗೆ ಕೊಟ್ಟು, ಎದೆಮಟ್ಟದಲ್ಲಿದ್ದ ಒಂದು ಕಚ್ಚಿನೊಳಗೆ ಬಲಗೈ ಇಟ್ಟರು. ಅದು ತಮ್ಮಪ್ಪ ಹಾಕಿದ ಕಚ್ಚು ಎಂದರು. ಕೈ ಅದರಲ್ಲಿ ಸರಿಯಾಗಿ ಕೂತಿತು. 'ಇದನ್ನ ಬೇಕಾದ್ರೆ ತಗೊ' ಎಂದರು. ಟೀಚರಮ್ಮ ಫೋನನ್ನು ಹತ್ತಿರಕ್ಕೆ ಹಿಡಿದು, ಕೈ ಮಾತ್ರ ಬರುವ ಹಾಗೆ ತೆಗೆದರು.